ಪ್ರವಾಸೋದ್ಯಮ ಬೆಳೆದಿದ್ದು ಹೇಗೆ? ನಮ್ಮ ಕಡೆ ಜನ ಬರೀ ಹಾದುಹೋಗುವುದು ಯಾಕೆ?

ಸಾಧನಕೇರಿ ಮಳೆ (ಧಾರವಾಡ)

ನಮ್ಮ ಕಡೆ ಪ್ರವಾಸೋದ್ಯಮದ ಮಾತು ಬಂದರೆ ಸಾಕು, ಎಲ್ಲರದೂ ಒಂದೇ ರಾಗ. ಪ್ರಚಾರ ಸಾಲದು, ದೊಡ್ಡ ಬೋರ್ಡ್ ಹಾಕಿ, ವಿಡಿಯೋ ಮಾಡಿ, ಜನ ತಾವಾಗೇ ಬರ್ತಾರೆ. ಲಕ್ಕುಂಡಿ ಇದೆ, ಹಾನಗಲ್ಲ ಇದೆ, ಅಣ್ಣಿಗೇರಿ ಇದೆ, ಬಂಕಾಪುರ ಇದೆ. ಆದರೂ ಹೊರಗಿನವರು ಹುಬ್ಬಳ್ಳಿಯಲ್ಲಿ ಇಳಿದು, ಚಹಾ ಕುಡಿದು, ಹಂಪಿಗೋ ಗೋವಾಕ್ಕೋ ದಾಂಡೇಲಿಗೋ ಹೋಗಿಬಿಡುತ್ತಾರೆ. ಹೋಗುವಾಗ ಧಾರವಾಡ ಪೇಡೆ ಡಬ್ಬಿ ಒಂದು ತಗೊಂಡರೆ ಅದೇ ನಮ್ಮ ಪುಣ್ಯ.

ಬರೀ ಪ್ರಚಾರದಿಂದ ಆಗುವ ಕೆಲಸ ಇದು ಅಂತ ನನಗೆ ಅನಿಸುವುದಿಲ್ಲ. ಅದಕ್ಕೇ ಬುಡದಿಂದ ಕೇಳುತ್ತಿದ್ದೇನೆ. ಈ ಉದ್ಯಮ ಜಗತ್ತಿನಲ್ಲಿ ಮೊದಲು ಬೆಳೆದದ್ದು ಹೇಗೆ? ದುಡ್ಡು ಹಾಕಿದವರು ಯಾರು, ದುಡಿದುಕೊಂಡವರು ಯಾರು? ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಹೋಗುತ್ತಿದ್ದದ್ದು, ಶ್ರೀಶೈಲಕ್ಕೆ ನಡೆದು ಹೋಗುವುದು, ಇವು ಪ್ರವಾಸ ಅಲ್ವಾ? ತಿಳಿದವರು ಬಿಡಿಸಿ ಹೇಳಿ.

ಕೊಪ್ಪೀಕರ್ ರೋಡ್ ಹಳಬ (ಹುಬ್ಬಳ್ಳಿ)

ಟಿಕೆಟ್ ಏಜೆನ್ಸಿಯಲ್ಲಿ ಕೆಲಸ ಮಾಡಿ ಕೂದಲು ಬೆಳ್ಳಗಾದವನು ನಾನು. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ಎಲ್ಲರೂ ಥಾಮಸ್ ಕುಕ್ ಹೆಸರಿನಿಂದ ಶುರು ಮಾಡುತ್ತಾರೆ. ಶುರು ಮಾಡಲಿ, ಆದರೆ ಅವನು ಮಾಡಿದ ಕೆಲಸವನ್ನು ಸರಿಯಾಗಿ ನೋಡಬೇಕು. ಅವನು ಯಾವ ಗುಡಿಯನ್ನೂ ಕಟ್ಟಿಸಲಿಲ್ಲ, ಯಾವ ಊರನ್ನೂ ಕಂಡುಹಿಡಿಯಲಿಲ್ಲ. ಕಟ್ಟಿಗೆ ಕೆಲಸದವನು, ಕುಡಿತ ಬಿಡಿಸುವ ಚಳವಳಿಯ ಪ್ರಚಾರಕ. 1841ರ ಜುಲೈ 5ರಂದು ಇಂಗ್ಲೆಂಡಿನ ಲೆಸ್ಟರ್‌ನಿಂದ ಲಫ್‌ಬರೋ ಊರಿನ ಸಭೆಗೆ ಸುಮಾರು 500 ಜನರನ್ನು ರೈಲಿನಲ್ಲಿ ಕರೆದುಕೊಂಡು ಹೋದ. ದೂರ ಎಷ್ಟು ಗೊತ್ತಾ? ಹೆಚ್ಚು ಕಡಿಮೆ ನಮ್ಮ ಹುಬ್ಬಳ್ಳಿ–ಧಾರವಾಡದಷ್ಟು. ತಲೆಗೆ ಒಂದು ಶಿಲ್ಲಿಂಗ್.

ಇದರ ಹಿಂದಿನ ಲೆಕ್ಕ ನೋಡಿ. ರೈಲು ಕಂಪನಿಗೆ ಹಳಿ ಹಾಕಿದ ಖರ್ಚು ಆಗಿಹೋಗಿದೆ. ಸೀಟು ಖಾಲಿ ಓಡಿದರೂ ಕಲ್ಲಿದ್ದಲು ಸುಡಲೇಬೇಕು. ಯಾರಾದರೂ ಬಂದು "ನಾನು 500 ಜನರನ್ನು ತರುತ್ತೇನೆ, ನೀವು ದರ ಇಳಿಸಿ" ಅಂದರೆ ಅವರಿಗೆ ಲಾಭ. ಜನರಿಗೆ ಕಡಿಮೆ ದರ, ಮಧ್ಯದವನಿಗೆ ಒಂದಿಷ್ಟು. ಅಷ್ಟೇ ರೀ. ಇವತ್ತಿಗೂ ಪ್ಯಾಕೇಜ್ ಟೂರಿನ ಬುಡ ಅದೇ: ಸೀಟುಗಳನ್ನು ಸಗಟಾಗಿ ಹಿಡಿ, ಬಿಡಿಯಾಗಿ ಮಾರು.

1851ರಲ್ಲಿ ಲಂಡನ್ನಿನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಕುಕ್ ಅಲ್ಲಿಗೆ ಒಂದೂವರೆ ಲಕ್ಷ ಜನರನ್ನು ಸಾಗಿಸಿದ. ಅವರಲ್ಲಿ ಗಿರಣಿ ಕೆಲಸದವರೂ ಇದ್ದರು. ಒಂದೇ ಸಲ ಅಷ್ಟು ದುಡ್ಡು ಅವರಿಗೆ ಎಲ್ಲಿಂದ ಬರಬೇಕು? ನಮ್ಮವರು ಚೀಟಿ ಹಾಕುವ ಹಾಗೆ ವಾರಕ್ಕಿಷ್ಟು ಅಂತ ಕಟ್ಟಿದರು. ಆಮೇಲೆ ಅವನು ಹೋಟೆಲ್ ಕೂಪನ್ ತಂದ, 1868ರಲ್ಲಿ. ಊಟ, ವಸತಿಗೆ ಮೊದಲೇ ದುಡ್ಡು ಕಟ್ಟಿ ಚೀಟಿ ಇಟ್ಟುಕೊಂಡರೆ ಪರದೇಶದಲ್ಲಿ ಚೌಕಾಸಿ ಮಾಡುವ ಗೋಜಿಲ್ಲ. ಪರಊರಿನಲ್ಲಿ ನಗದು ಪಡೆಯಲು 1874ರಲ್ಲಿ ಸರ್ಕ್ಯುಲರ್ ನೋಟು ಬಂತು. 1891ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್‌ನವರು ತಂದ ಟ್ರಾವೆಲರ್ಸ್ ಚೆಕ್ ಕೂಡ ಅದೇ ಜಾಡಿನದು.

ಹಾಗಾಗಿ ನನ್ನ ಉತ್ತರ ಇಷ್ಟು. ನೋಡುವ ಜಾಗ ಸಾವಿರ ವರ್ಷದಿಂದ ಇದ್ದಲ್ಲೇ ಇತ್ತು. ಉದ್ಯಮ ಹುಟ್ಟಿದ್ದು ಟಿಕೆಟ್ಟು, ರೂಮು, ರೊಕ್ಕದ ತಲೆನೋವನ್ನು ಇನ್ನೊಬ್ಬ ತನ್ನ ಮೇಲೆ ಹಾಕಿಕೊಂಡಾಗ.

ಲೋಕೋ ಶೆಡ್ (ಹುಬ್ಬಳ್ಳಿ, ನಿವೃತ್ತ)

ಹಳಬರೇ, ಚೆನ್ನಾಗಿ ಹೇಳಿದಿರಿ. ಆದರೆ ನಮ್ಮಲ್ಲಿ ಕತೆ ಬೇರೆ. ದಕ್ಷಿಣ ಮರಾಠಾ ರೈಲ್ವೆ ಕಂಪನಿ ಹುಟ್ಟಿದ್ದು 1882ರಲ್ಲಿ. ಕಾರಣ 1876–78ರ ಬರ. ಕಾಳು ಸಾಗಿಸಲು ದಾರಿ ಇಲ್ಲದೆ ಜನ ಸತ್ತರು, ಆಮೇಲೆ ಬರದ ಸೀಮೆಗೆ ಹಳಿ ಹಾಕಿದರು. ಜೊತೆಗೆ ನಮ್ಮ ಹತ್ತಿ ಇತ್ತು, ಅದನ್ನು ಮುರಗಾಂವ್ ಬಂದರಿಗೆ ಮುಟ್ಟಿಸಬೇಕಿತ್ತು. ಕಾಳಿಗೆ ಮತ್ತು ಹತ್ತಿಗೆ ಬಂದ ರೈಲು ಇದು. ಪ್ರವಾಸಿಗರ ವಿಚಾರ ಯಾರ ತಲೆಯಲ್ಲೂ ಇರಲಿಲ್ಲ.

ಇನ್ನೊಂದು ತಮಾಷೆ. 1853ರಲ್ಲಿ ಮುಂಬೈ–ಠಾಣೆ ರೈಲು ಓಡುವ ಮುಂಚೆ ಇಂಗ್ಲಿಷರಲ್ಲಿ ಕೆಲವರಿಗೆ ಅನುಮಾನ ಇತ್ತು. ಇಲ್ಲಿನ ಬಡವರು ದುಡ್ಡು ಕೊಟ್ಟು ರೈಲು ಹತ್ತುತ್ತಾರಾ ಅಂತ. ಹತ್ತಿದರು ನೋಡಿ, ಥರ್ಡ್ ಕ್ಲಾಸ್ ತುಂಬಿ ತುಳುಕಿತು! ಪಯಣಿಗರಿಂದ ಬಂದ ಆದಾಯದ ಬಹುಪಾಲು ಅವರದೇ. ಅವರಲ್ಲಿ ಕಾಶಿಗೆ, ಪಂಢರಪುರಕ್ಕೆ, ಜಾತ್ರೆಗೆ ಹೊರಟವರು ಅದೆಷ್ಟು ಮಂದಿ. ಸಾಧನಕೇರಿಯವರು ಕೇಳಿದ್ದಕ್ಕೆ ಇದೇ ಉತ್ತರ. ನಮ್ಮ ದೇಶದಲ್ಲಿ ಪ್ರವಾಸದ ಬೇರು ಯಾತ್ರೆಯಲ್ಲಿದೆ.

ಕುಕ್ ಕಂಪನಿಗೂ ಅದು ಬೇಗ ತಿಳಿಯಿತು. 1881ರಲ್ಲಿ ಮುಂಬೈಯಲ್ಲಿ ಕಚೇರಿ ತೆರೆದರು. 1886ರಲ್ಲಿ ಬ್ರಿಟಿಷ್ ಸರ್ಕಾರ ಹಜ್ ಯಾತ್ರಿಗಳನ್ನು ಹಡಗಿನಲ್ಲಿ ಕಳಿಸುವ ವ್ಯವಸ್ಥೆಯನ್ನು ಅವರಿಗೇ ವಹಿಸಿತು. ಕೆಲವು ವರ್ಷ ನಡೆಸಿ ಕೈಬಿಟ್ಟರು. ಯಾತ್ರೆ ಬೇರೆ, ಪ್ರವಾಸ ಬೇರೆ ಅನ್ನುವವರು ಇದನ್ನು ನೆನಪಿಡಿ.

ಈಗ ನಮ್ಮ ಹುಬ್ಬಳ್ಳಿ ಸ್ಟೇಶನ್ನಿನಲ್ಲಿ 1,507 ಮೀಟರ್ ಪ್ಲಾಟ್‌ಫಾರ್ಮ್ ಇದೆ, 2023ರ ಮಾರ್ಚಿನಲ್ಲಿ ಉದ್ಘಾಟನೆ ಆಯಿತು. ಜಗತ್ತಿನಲ್ಲೇ ಉದ್ದದ್ದು. ಈ ತುದಿಯಿಂದ ಆ ತುದಿಗೆ ನಡೆದರೆ ಅರ್ಧ ಪ್ರವಾಸ ಅಲ್ಲೇ ಮುಗಿಯುತ್ತದೆ :)

ಕೆಂಪು ಬಸ್ಸಿನ ಅಕ್ಕ (ನವಲಗುಂದ)

ರಜೆಯ ಬಗ್ಗೆ ಯಾರೂ ಮಾತಾಡಲಿಲ್ಲ. ಟಿಕೆಟ್ ಎಷ್ಟೇ ಸೋವಿ ಆದರೂ ಪಗಾರ ಕತ್ತರಿಸಿದರೆ ಯಾರು ಹೋಗುತ್ತಾರೆ? ನಮ್ಮಪ್ಪ ಹೊಲದವರು, ಬಿತ್ತನೆ ಮುಗಿದ ಮೇಲೆಯೇ ದೇವರು. ಊರಿಗೆಲ್ಲ ಅದೇ ರಜೆ.

ಕೊಪ್ಪೀಕರ್ ರೋಡ್ ಹಳಬ

ಅಕ್ಕಾರ, ಸರಿಯಾದ ಜಾಗಕ್ಕೇ ಕೈ ಇಟ್ಟಿರಿ. ಫ್ರಾನ್ಸ್‌ನಲ್ಲಿ 1936ರಲ್ಲಿ ಕೆಲಸಗಾರರಿಗೆ ಎರಡು ವಾರ ಸಂಬಳ ಸಹಿತ ರಜೆ ಅಂತ ಕಾನೂನು ಬಂತು. ಬ್ರಿಟನ್ನಿನಲ್ಲಿ ಸಂಬಳ ಸಹಿತ ರಜೆಯ ಕಾನೂನು 1938ರಲ್ಲಿ. ಅದಕ್ಕಿಂತ ಮುಂಚೆ ಯುರೋಪ್ ಸುತ್ತುವುದು ಜಮೀನುದಾರರ ಮಕ್ಕಳ ಕೆಲಸ. ಮೇಷ್ಟ್ರನ್ನು ಜೊತೆಗೆ ಕಟ್ಟಿಕೊಂಡು ವರ್ಷಗಟ್ಟಲೆ ಪ್ಯಾರಿಸ್, ರೋಮ್ ಅಂತ ತಿರುಗುತ್ತಿದ್ದರು. ರಜೆಯ ಕಾನೂನು ಬಂದ ಮೇಲೆ ಸಮುದ್ರದ ದಂಡೆ ಕಾರ್ಮಿಕನದ್ದೂ ಆಯಿತು. ನಮ್ಮಲ್ಲಿ ಸರ್ಕಾರಿ ನೌಕರರಿಗೆ ರಜೆಯಲ್ಲಿ ಊರು ಸುತ್ತಲು ಪ್ರಯಾಣದ ಖರ್ಚು ಕೊಡುವ ಎಲ್‌ಟಿಸಿ ಅದೇ ಕೆಲಸ ಮಾಡಿತು. ಎಂಬತ್ತು-ತೊಂಬತ್ತರ ದಶಕದಲ್ಲಿ ನಮ್ಮ ಏಜೆನ್ಸಿಗೆ ಬರುತ್ತಿದ್ದ ಗಿರಾಕಿಗಳಲ್ಲಿ ಬ್ಯಾಂಕಿನವರು, ಕಾಲೇಜಿನವರೇ ಜಾಸ್ತಿ. "ಎಲ್‌ಟಿಸಿ ಬ್ಲಾಕ್ ಮುಗಿಯೋಕೆ ಬಂತು, ಕಾಶ್ಮೀರ ಹಾಕಿ" ಅನ್ನುತ್ತಿದ್ದರು. ಕಾಶ್ಮೀರ ಬೇಕಂತಲ್ಲ, ಬ್ಲಾಕ್, ಅಂದರೆ ಆ ಸೌಲಭ್ಯ ಬಳಸಲು ಕೊಟ್ಟ ಅವಧಿ, ಹಾಳಾಗಬಾರದು ಅಂತ!

ಆಮೇಲೆ ವಿಮಾನ. ಎರಡನೇ ಮಹಾಯುದ್ಧ ಮುಗಿದಾಗ ಸೈನ್ಯದ ವಿಮಾನಗಳು, ಪೈಲಟ್‌ಗಳು ಎಲ್ಲ ಬಿಡುವಾದರು. 1950ರಲ್ಲಿ ವ್ಲಾದಿಮಿರ್ ರೈಟ್ಜ್ ಅನ್ನುವವನು ಲಂಡನ್ನಿನಿಂದ ಕಾರ್ಸಿಕಾ ದ್ವೀಪಕ್ಕೆ ವಿಮಾನ ಗೊತ್ತು ಮಾಡಿದ. ವಿಮಾನ, ಟೆಂಟಿನಲ್ಲಿ ವಸತಿ, ಊಟ ಸೇರಿ 32 ಪೌಂಡು 10 ಶಿಲ್ಲಿಂಗ್. ಅವನ ಜಾಣತನ ಎಲ್ಲಿದೆ ಅಂದರೆ, ಒಂದು ಗುಂಪನ್ನು ಇಳಿಸಿ ಅದೇ ವಿಮಾನದಲ್ಲಿ ಹಿಂದಿನ ಗುಂಪನ್ನು ವಾಪಸ್ ತರುವುದು. ಹೋಗುವಾಗಲೂ ಭರ್ತಿ, ಬರುವಾಗಲೂ ಭರ್ತಿ. ಸ್ಪೇನಿನ ಕಡಲ ದಂಡೆ ಬೆಳೆದದ್ದು ಇಂಥ ಚಾರ್ಟರ್ ವಿಮಾನಗಳಿಂದ. ಮೀನುಗಾರರ ಹಳ್ಳಿಗಳಲ್ಲಿ ಸಾಲು ಸಾಲು ಹೋಟೆಲ್ ಎದ್ದವು.

1958ರಲ್ಲಿ ಬೋಯಿಂಗ್ 707 ಅಟ್ಲಾಂಟಿಕ್ ದಾಟಿತು, 1970ರಲ್ಲಿ 747 ಬಂತು. ದೊಡ್ಡ ವಿಮಾನ ಅಂದರೆ ತುಂಬಿಸಲು ಜಾಸ್ತಿ ಸೀಟು. ತುಂಬಿಸಬೇಕು ಅಂದರೆ ದರ ಇಳಿಯಲೇಬೇಕು. ಮತ್ತೆ ಕುಕ್‌ನ ಅದೇ ಹಳೇ ಲೆಕ್ಕ. 1950ರಲ್ಲಿ ಜಗತ್ತಿನಲ್ಲಿ ಗಡಿ ದಾಟಿ ಹೋದ ಪ್ರವಾಸಿಗರು ಸುಮಾರು 2.5 ಕೋಟಿ. 2019ರಲ್ಲಿ 146 ಕೋಟಿ.

ಗದಗ ಗಿರಮಿಟ್ಟು (ಲಕ್ಕುಂಡಿ ಹತ್ತಿರ)

ನೀವೆಲ್ಲ ಲಂಡನ್ ಪ್ಯಾರಿಸ್ ಅಂತಿದ್ದೀರಿ. ನಾನು ಲಕ್ಕುಂಡಿಯ ಡಿಸೆಂಬರ್ ಹೇಳುತ್ತೇನೆ. ಜನರಿಗೆ ಊರು ತೋರಿಸುವ ಕೆಲಸ ನನ್ನದು, ಹೊಟ್ಟೆಪಾಡಿಗೆ ಬೇರೆ ಉದ್ಯೋಗವೂ ಇದೆ.

ಶಾಲಾ ಪ್ರವಾಸದ ಹಂಗಾಮು. ಒಪ್ಪಂದದ ಮೇಲೆ ತಂದ ಸರ್ಕಾರಿ ಬಸ್ಸು ಬಂದು ನಿಲ್ಲುತ್ತದೆ. ಮಾಸ್ತರು ಸೀಟಿ ಊದುತ್ತಾರೆ, ಮಕ್ಕಳು ಸಾಲಾಗಿ ಇಳಿಯುತ್ತಾರೆ, ಕಾಶಿ ವಿಶ್ವೇಶ್ವರ ಗುಡಿಯ ಬಾಗಿಲವಾಡದ ಮುಂದೆ ಒಂದು ಫೋಟೋ. ಆ ಬಾಗಿಲವಾಡದಲ್ಲಿ ಪಟ್ಟಿ ಮೇಲೆ ಪಟ್ಟಿ ಕೆತ್ತನೆ ಇದೆ. ಬಳಪದ ಕಲ್ಲು, ಉಗುರಿನಷ್ಟು ಸಣ್ಣ ಎಲೆ-ಬಳ್ಳಿ. ಅದನ್ನೊಂದು ಅರ್ಧ ಗಂಟೆ ನೋಡಬೇಕು ರೀ! ಬ್ರಹ್ಮ ಜಿನಾಲಯ ಇದೆ, ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ್ದು. ಮುಸುಕಿನ ಬಾವಿಯ ಮೆಟ್ಟಿಲು ಇಳಿದರೆ ಗೋಡೆಗಳಲ್ಲಿ ಪುಟ್ಟ ಪುಟ್ಟ ಗೂಡುಗುಡಿ. ಅಷ್ಟರಲ್ಲಿ ಮಾಸ್ತರು ಮತ್ತೆ ಸೀಟಿ ಊದುತ್ತಾರೆ. ಮುಕ್ಕಾಲು ಗಂಟೆ, ಬಸ್ಸು ಹಂಪಿಗೆ ಹೊರಟಿತು. ಬುತ್ತಿ ಮನೆಯಿಂದಲೇ ಬಂದಿರುತ್ತದೆ, ರೊಟ್ಟಿ, ಶೇಂಗಾ ಚಟ್ನಿ. ಊರಿಗೆ ಸಿಕ್ಕಿದ್ದು ನಾಲ್ಕು ನೀರಿನ ಬಾಟಲಿ, ಎರಡು ಪ್ಯಾಕೆಟ್ ಬಿಸ್ಕತ್ತಿನ ವ್ಯಾಪಾರ.

ಮಕ್ಕಳನ್ನು ಬಿಡಿ, ಅವರು ದುಡ್ಡು ಎಲ್ಲಿಂದ ತರಬೇಕು. ಕ್ರೂಸರ್, ಟಿಟಿ (ಟೆಂಪೊ ಟ್ರಾವೆಲರ್) ಮಾಡಿಕೊಂಡು ಬರುವ ಮನೆ ಮಂದಿಯದೂ ಇದೇ ಹಾಡು. ಇದಕ್ಕೆ ಕಾರಣ ಬಾಡಿಗೆ ಲೆಕ್ಕ. ದಿನಕ್ಕೆ ಕನಿಷ್ಠ 300 ಕಿ.ಮೀ ಅಂತ ಹಿಡಿಯುತ್ತಾರೆ, ನೀವು ಓಡಿಸಿ ಬಿಡಿ, ದುಡ್ಡು ಕೊಡಬೇಕು. ಮೇಲೆ ಡ್ರೈವರ್ ಬಾಟಾ. ದುಡ್ಡು ಕೊಟ್ಟ ಮೇಲೆ ಯಾರು ಸುಮ್ನೆ ಒಂದು ಊರಲ್ಲಿ ಕೂರುತ್ತಾರೆ? ಬೆಳಗ್ಗೆ ಗದಗ ವೀರನಾರಾಯಣ, ಹತ್ತಕ್ಕೆ ಲಕ್ಕುಂಡಿ, ಮಧ್ಯಾಹ್ನ ಹಂಪಿ, ರಾತ್ರಿ ಹೊಸಪೇಟೆ. ಬೋರ್ಡ್ ಎಷ್ಟೇ ದೊಡ್ಡದು ಹಾಕಿ, ಆ ಕಿಲೋಮೀಟರ್ ಲೆಕ್ಕದ ಮುಂದೆ ಬೋರ್ಡ್ ಸೋಲುತ್ತದೆ.

ಸಾಧನಕೇರಿ ಮಳೆ

ಅಬ್ಬಾ, ಈ 300 ಕಿ.ಮೀ ಮಾತು ನನ್ನ ತಲೆಗೆ ಬಂದೇ ಇರಲಿಲ್ಲ. ಅಂದರೆ ಯಾವ ಗಾಡಿಯಲ್ಲಿ ಹೋಗುತ್ತೀರಿ ಅನ್ನುವುದರ ಮೇಲೆ ಯಾವ ಊರಿಗೆ ದುಡ್ಡು ಅನ್ನುವುದು ನಿಂತಿದೆ. ಹಾಗಾದರೆ ನಮ್ಮ ಸ್ಲೀಪರ್ ಬಸ್ಸುಗಳದ್ದೂ ಇದರಲ್ಲಿ ಪಾಲಿದೆ ಅಲ್ವಾ?

ಕೊಪ್ಪೀಕರ್ ರೋಡ್ ಹಳಬ

ಇದೆ, ದೊಡ್ಡ ಪಾಲೇ ಇದೆ. ವಿಜಯ ಸಂಕೇಶ್ವರ ಅವರು 1976ರಲ್ಲಿ ಗದಗದಲ್ಲಿ ಒಂದು ಲಾರಿಯಿಂದ ಶುರು ಮಾಡಿದ ಕಂಪನಿ ವಿಆರ್‌ಎಲ್, 1996ರಲ್ಲಿ ಬಸ್ಸಿಗೂ ಇಳಿಯಿತು. ಹುಬ್ಬಳ್ಳಿ ಖಾಸಗಿ ಬಸ್ಸಿನ ದೊಡ್ಡ ಕೇಂದ್ರ ಆಯಿತು. ಒಳ್ಳೆಯದೇ ಆಯಿತು, ಎಷ್ಟೋ ಮನೆ ನಡೆದಿವೆ. ಆದರೆ ರಾತ್ರಿ ಬಸ್ಸಿನಲ್ಲಿ ಮಲಗಿ ಬೆಳಗ್ಗೆ ಇಳಿಯುವವನಿಗೆ ಲಾಡ್ಜು ಬೇಡ. ಮುಖ ತೊಳೆಯಲು ಜಾಗ ಸಿಕ್ಕರೆ ಸಾಕು. ಸಂಜೆ ಮತ್ತೆ ಬಸ್ಸು. ಅವನ ರಾತ್ರಿಯ ಖರ್ಚು ಬಸ್ಸಿಗೆ ಹೋಯಿತು, ಊರಿಗೆ ಬರಲಿಲ್ಲ. ಹೋಟೆಲಿನವರು, ಆಟೋದವರು, ಖಾನಾವಳಿಯವರು ದುಡಿಯುವುದು ಪ್ರವಾಸಿ ಉಳಿದುಕೊಂಡ ಊರಿನಲ್ಲಿ, ನೋಡಿಹೋದ ಊರಿನಲ್ಲಲ್ಲ.

ವಿಂಡೋ ಸೀಟ್ 23 (ಹುಬ್ಬಳ್ಳಿ)

ಅಂಕಲ್, ಇದೆಲ್ಲ ಹಳೇ ಕಾಲ. ಈಗ ಮಧ್ಯದವರೇ ಬೇಡ. ಐಆರ್‌ಸಿಟಿಸಿ 2002ರಿಂದ ಆನ್‌ಲೈನ್ ಟಿಕೆಟ್ ಕೊಡುತ್ತಿದೆ. ರೆಡ್‌ಬಸ್ 2006ರಲ್ಲಿ ಬಂತು, ಹಬ್ಬಕ್ಕೆ ಊರಿಗೆ ಹೋಗಲು ಬಸ್ ಟಿಕೆಟ್ ಸಿಗದ ಬೆಂಗಳೂರಿನ ಹುಡುಗರು ಶುರು ಮಾಡಿದ್ದು. ಏರ್‌ಬಿಎನ್‌ಬಿ 2008ರಲ್ಲಿ, ಮನೆಯವರ ಕೋಣೆ ಬಾಡಿಗೆಗೆ ಹಿಡಿಯಲು. ಫೋನ್ ಇದ್ದರೆ ಏಜೆಂಟ್ ಯಾಕೆ? ನಾವೆಲ್ಲ ರೀಲ್ಸ್ ನೋಡಿ ದಾಂಡೇಲಿಗೆ ಹೋಗುತ್ತೇವೆ, ಹೋಂಸ್ಟೇಗೆ ನೇರ ಫೋನು, ಕಾಳಿ ನದಿಯಲ್ಲಿ ರ‍್ಯಾಫ್ಟಿಂಗ್, ಭಾನುವಾರ ರಾತ್ರಿ ಮನೆ.

ಕೊಪ್ಪೀಕರ್ ರೋಡ್ ಹಳಬ

ತಮ್ಮಾ, ಮಧ್ಯದವನು ಹೋಗಿಲ್ಲ, ಅಂಗಡಿ ಬದಲಿಸಿದ್ದಾನೆ.

ನಮ್ಮ ಕಾಲದ ವಿಮಾನ ಟಿಕೆಟ್ ನೀನು ನೋಡಿರಲಿಕ್ಕಿಲ್ಲ. ಸಣ್ಣ ಪುಸ್ತಕದ ಹಾಗಿರುತ್ತಿತ್ತು, ಹಾಳೆಯ ಹಿಂದೆ ಕೆಂಪು ಕಾರ್ಬನ್. ಒತ್ತಿ ಒತ್ತಿ ಬರೆಯಬೇಕು, ಕೊನೆಯ ಪ್ರತಿಗೂ ಅಕ್ಷರ ಮೂಡಬೇಕಲ್ಲ. ಸಂಜೆ ಹೊತ್ತಿಗೆ ಬೆರಳೆಲ್ಲ ಕೆಂಪು, ಅಂಗಿಯ ತೋಳೂ ಕೆಂಪು, ಮನೆಯಲ್ಲಿ ಬೈಗುಳ. ದರದ ಪುಸ್ತಕ ಹುಡುಕಿ, ಮುಂಬೈಗೆ ಟೆಲೆಕ್ಸ್ ಕಳಿಸಿ ಸೀಟು ಖಾತ್ರಿ ಮಾಡಿಕೊಳ್ಳಬೇಕು. ಆ ಕೆಲಸಕ್ಕೆ ವಿಮಾನ ಕಂಪನಿ 9 ಪರ್ಸೆಂಟ್ ಕಮಿಷನ್ ಕೊಡುತ್ತಿತ್ತು. ಆಮೇಲೆ 5ಕ್ಕೆ ಇಳಿಸಿದರು. 2008ರ ಜೂನ್ 1ರಿಂದ ಜಗತ್ತಿನಾದ್ಯಂತ ಕಾಗದದ ಟಿಕೆಟ್ ನಿಂತಿತು. ಅದೇ ವರ್ಷ ಇಲ್ಲಿನ ಕಂಪನಿಗಳು ಕಮಿಷನ್ನನ್ನೂ ಸೊನ್ನೆ ಮಾಡಿದವು. ನಮ್ಮ ಏಜೆನ್ಸಿಯ ಬಾಗಿಲು ಆಮೇಲೆ ಬಹಳ ದಿನ ತೆರೆದಿರಲಿಲ್ಲ.

ಈಗ ಏನಾಗಿದೆ? ಹೋಟೆಲಿನವನು ಆ್ಯಪ್‌ಗೆ 15ರಿಂದ 25 ಪರ್ಸೆಂಟ್ ಕೊಡುತ್ತಾನೆ. ನಾವು ಒಂಬತ್ತು ತಗೊಂಡರೆ ದಲ್ಲಾಳಿ ಅನ್ನುತ್ತಿದ್ದರು! ಒಂದು ವ್ಯತ್ಯಾಸ ಇದೆ. ನಮ್ಮ ಒಂಬತ್ತು ಕೊಪ್ಪೀಕರ್ ರೋಡಿನಲ್ಲೇ ಖರ್ಚಾಗುತ್ತಿತ್ತು.

ಸೋವಿ ವಿಮಾನದ ಬಗ್ಗೆ ನನಗೆ ತಕರಾರಿಲ್ಲ. 1953ರಿಂದ ಸುಮಾರು ನಾಲ್ಕು ದಶಕ ದೇಶದ ಒಳಗೆ ವಿಮಾನ ಅಂದರೆ ಸರ್ಕಾರದ್ದೇ. 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಬಂತು, ಹುಬ್ಬಳ್ಳಿಗೂ ಅವರ ಸಣ್ಣ ಎಟಿಆರ್ ವಿಮಾನ ಇಳಿಯಿತು. ಮೊದಲ ಸಲ ಧೋತರ ಉಟ್ಟವರೂ ವಿಮಾನ ಹತ್ತಿದ್ದನ್ನು ನಾನೇ ನೋಡಿದ್ದೇನೆ. ಕಂಪನಿ ಉಳಿಯಲಿಲ್ಲ, ಆದರೆ ಅಭ್ಯಾಸ ಉಳಿಯಿತು.

ಎನ್‌ಎಚ್ 48 (ಹಾವೇರಿ)

ನಮ್ಮ ಜಿಲ್ಲೆಯ ಗೋಳು ಕೇಳಿ. ಪುಣೆ–ಬೆಂಗಳೂರು ಹೆದ್ದಾರಿ ಊರ ಪಕ್ಕದಲ್ಲೇ ಇದೆ. ಮುಂಚೆ ರಸ್ತೆ ಸಣ್ಣದಿದ್ದಾಗ ಗಾಡಿ ಊರೊಳಗೆ ಬರುತ್ತಿತ್ತು, ಜನ ಇಳಿಯುತ್ತಿದ್ದರು. ಈಗ ಆರು ಪಥ, ನೂರರ ಸ್ಪೀಡು. ಬಂಕಾಪುರದ ನವಿಲುಧಾಮ, ಅರವತ್ತಾರು ಕಂಬದ ನಗರೇಶ್ವರ ಗುಡಿ ಹೆದ್ದಾರಿಯಿಂದ ಬಹಳ ದೂರವೇನಿಲ್ಲ, ಆದರೂ ಗಾಡಿ ತಿರುಗಿಸುವವರು ಕಡಿಮೆ. ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ಮಾತ್ರ ಗೆದ್ದಿತು. ಯಾಕೆ ಗೊತ್ತಾ? ಹೆದ್ದಾರಿಗೆ ಅಂಟಿಕೊಂಡಿದೆ, ಗಾಡಿ ನಿಲ್ಲಿಸಲು ಜಾಗ ಇದೆ, ಊಟ ಇದೆ, ಶೌಚಾಲಯ ಇದೆ. ಅದನ್ನು ರೂಪಿಸಿದ ಕಲಾವಿದ ಸೊಲಬಕ್ಕನವರ ಅವರ ಕಲೆ ದೊಡ್ಡದು, ಒಪ್ಪುತ್ತೇನೆ. ಆದರೆ ಶೌಚಾಲಯ ಇಲ್ಲದಿದ್ದರೆ ಹೆಣ್ಣುಮಕ್ಕಳಿರುವ ಗಾಡಿ ಯಾವ ಕಲೆಗೂ ನಿಲ್ಲುವುದಿಲ್ಲ.

ಕೆಂಪು ಬಸ್ಸಿನ ಅಕ್ಕ

ಹಾವೇರಿ ಅಣ್ಣಾರು ನೂರಕ್ಕೆ ನೂರು ನಿಜ ಹೇಳಿದರು.

ಇನ್ನೊಂದು ಬದಲಾವಣೆ ನಿಮ್ಮ ಕಣ್ಣಿಗೆ ಬಿದ್ದಿಲ್ಲ ಅನಿಸುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ನಮ್ಮಂಥ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ನಮ್ಮ ಓಣಿಯ ಹೆಂಗಸರು ಮುಂಚೆ ಗಂಡಸರು ಗಾಡಿ ಮಾಡಿದಾಗ ಮಾತ್ರ ಹೊರಡುತ್ತಿದ್ದರು. ಈಗ ನಾವೇ ಗುಂಪು ಕಟ್ಟುತ್ತೇವೆ. ಧರ್ಮಸ್ಥಳ, ಸವದತ್ತಿ ಆಯಿತು, ಮಾತಿನ ಮಧ್ಯೆ ಯಾರೋ ಬಾದಾಮಿ ಅಂದರು, ಅಲ್ಲಿಗೂ ಹೋದೆವು. ನಮಗೆ 300 ಕಿ.ಮೀ ಲೆಕ್ಕ ಇಲ್ಲ. ಬಸ್ಸು ತಪ್ಪಿದರೆ ಮುಂದಿನ ಬಸ್ಸು. ಉಳಿದ ದುಡ್ಡಿನಲ್ಲಿ ಬಳೆ ತಗೊಂಡೆವು, ಖಾನಾವಳಿಯಲ್ಲಿ ಕೂತು ಊಟ ಮಾಡಿದೆವು. ಬಸ್ಸಲ್ಲಿ ನೂಕುನುಗ್ಗಲು ಇದೆ, ಬೈಯುವವರು ಬೈಯಲಿ. ರಾತ್ರಿ ಉಳಿಯಲು ಮಾತ್ರ ಧೈರ್ಯ ಸಾಲದು. ಹೆಂಗಸರ ಗುಂಪಿಗೆ ಹೆದರಿಕೆ ಇಲ್ಲದ, ಸ್ವಚ್ಛ ಇರುವ ಯಾತ್ರಿನಿವಾಸ ಗದಗದಲ್ಲೋ ಲಕ್ಷ್ಮೇಶ್ವರದಲ್ಲೋ ಇದ್ದರೆ ನಾವು ಖಂಡಿತ ಉಳಿಯುತ್ತೇವೆ.

ಲೋಕೋ ಶೆಡ್

ಎಲ್ಲ ಸರಿ, ಆದರೆ ಜನ ಬರಲಿ ಬರಲಿ ಅಂತ ಕುಣಿಯಬೇಡಿ. ವೆನಿಸ್‌ನಲ್ಲಿ ಜನ ಜಾಸ್ತಿಯಾಗಿ 2021ರಲ್ಲಿ ದೊಡ್ಡ ಹಡಗುಗಳನ್ನು ಊರ ನಡುವಿನ ಕಾಲುವೆಗೆ ಬಿಡುವುದು ನಿಲ್ಲಿಸಿದರು. 2024ರಲ್ಲಿ ಜನದಟ್ಟಣೆಯ ದಿನಗಳಲ್ಲಿ ಬರೀ ಹಗಲು ನೋಡಿ ಹೋಗುವವರಿಗೆ 5 ಯೂರೋ ಶುಲ್ಕ ಹಾಕಿದರು. ಗಮನಿಸಿ, ರಾತ್ರಿ ಉಳಿಯುವವರಿಗೆ ಆ ಶುಲ್ಕ ಇಲ್ಲ. ಹಳಬರ ಮಾತು ಅಲ್ಲಿನವರಿಗೂ ಗೊತ್ತಾಗಿದೆ.

ಇನ್ನು ಆ ಕುಕ್ ಕಂಪನಿ? 2019ರ ಸೆಪ್ಟೆಂಬರ್ 23ರಂದು ಸಾಲದಲ್ಲಿ ಮುಳುಗಿ ಬಾಗಿಲು ಹಾಕಿತು. ಒಂದೂವರೆ ಲಕ್ಷದಷ್ಟು ಬ್ರಿಟಿಷ್ ಪ್ರವಾಸಿಗರು ಪರದೇಶದಲ್ಲಿ ಸಿಕ್ಕಿಕೊಂಡರು, ಸರ್ಕಾರ ವಿಮಾನ ಕಳಿಸಿ ತಂದಿತು. ಭಾರತದ ಥಾಮಸ್ ಕುಕ್ ಅಷ್ಟರಲ್ಲಿ ಬೇರೆ ಮಾಲೀಕರ ಕೈಯಲ್ಲಿತ್ತು, ಹಾಗಾಗಿ ಅದು ನಡೆಯುತ್ತಿದೆ. ಮರು ವರ್ಷ ಕೋವಿಡ್. ಗಡಿ ದಾಟುವವರು 146 ಕೋಟಿಯಿಂದ 40 ಕೋಟಿಯ ಆಸುಪಾಸಿಗೆ ಬಿದ್ದರು. ಬರೀ ಪ್ರವಾಸಿಗರನ್ನೇ ನಂಬಿದ ಊರುಗಳ ಗತಿ ಏನಾಗಿರಬೇಕು, ಗೋವಾದ ಟ್ಯಾಕ್ಸಿಯವರನ್ನು ಕೇಳಿ. ಗದಗದಲ್ಲಿ ಶೇಂಗಾ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇರುವುದು ಒಳ್ಳೆಯದೇ.

ವಿಂಡೋ ಸೀಟ್ 23

ಹಂಗಂತ ಏನೂ ಮಾಡದೆ ಕೂರೋದಾ ಸರ್? ನನ್ನ ಗೆಳೆಯರು ದಾಂಡೇಲಿಯಲ್ಲಿ ಯಾಕೆ ಉಳಿಯುತ್ತಾರೆ ಅಂದರೆ ಬೆಳಗ್ಗೆ ಮಾಡುವ ಕೆಲಸ ಏನೋ ಒಂದು ಇದೆ ಅಂತ. ರ‍್ಯಾಫ್ಟಿಂಗ್, ಹಕ್ಕಿ, ಕಾಡು. ಗುಡಿ ನೋಡಲು ರಾತ್ರಿ ಉಳಿಯಬೇಕಿಲ್ಲ.

ಗದಗ ಗಿರಮಿಟ್ಟು

ಹಕ್ಕಿ ಬೇಕಾ? ಮಾಗಡಿ ಕೆರೆಗೆ ಬಾ ತಮ್ಮಾ. ಗದಗದಿಂದ ಹೆಚ್ಚು ದೂರ ಇಲ್ಲ, ಶಿರಹಟ್ಟಿ ತಾಲ್ಲೂಕು. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದು ಇಲ್ಲಿ ಇಳಿಯುತ್ತವೆ. 2024ರಲ್ಲಿ ಜಗತ್ತಿನ ಮಹತ್ವದ ಜೌಗು ತಾಣಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಅವು ಹೊಲಕ್ಕೆ ಮೇಯಲು ಹೋಗುವುದು, ಕೆರೆಗೆ ವಾಪಸ್ ಬರುವುದು ನೋಡಬೇಕು ಅಂದರೆ ಬೆಳಕು ಹರಿಯುವ ಹೊತ್ತಿಗೆ ದಂಡೆಯಲ್ಲಿರಬೇಕು. ಹುಬ್ಬಳ್ಳಿಯಿಂದ ಬೆಳಗ್ಗೆ ಆರಾಮಾಗಿ ಎದ್ದು ಹೊರಟರೆ ಬಿಸಿಲೇರಿರುತ್ತದೆ. ಗದಗದಲ್ಲಿ ಉಳಿಯಲೇಬೇಕು. ಹಿಂದಿನ ದಿನ ಮಧ್ಯಾಹ್ನ ಲಕ್ಕುಂಡಿ ನಿಧಾನಕ್ಕೆ ನೋಡು, ಸಂಜೆ ಗದಗದಲ್ಲಿ ಮಿರ್ಚಿ ಗಿರಮಿಟ್ಟು, ಬೆಳಗ್ಗೆ ಹೆಬ್ಬಾತು.

ಸಾಧನಕೇರಿ ಮಳೆ

ಇದು ಕೆಲಸ ಆಗುವ ಮಾತು. ನಮ್ಮ ಬಳಗದ ಮಂದಿಯನ್ನು ಜನವರಿಯಲ್ಲಿ ಕರೆದುಕೊಂಡು ಬರಬೇಕು ಅಂತಿದ್ದೇನೆ. ಗದಗದವರೆಗೆ ರೈಲು. ಅಲ್ಲಿಂದ ಲಕ್ಕುಂಡಿಗೆ ಕ್ರೂಸರ್ ಬೇಡ, ಆ 300ರ ಲೆಕ್ಕ ಸಾಕಪ್ಪ. ಬೇರೆ ದಾರಿ ಇದೆಯಾ?

ಗದಗ ಗಿರಮಿಟ್ಟು

ಲಕ್ಕುಂಡಿ 12 ಕಿ.ಮೀ, ಬಸ್ಸು ಮೇಲಿಂದ ಮೇಲೆ ಇವೆ, ಕೊಪ್ಪಳ ಕಡೆಯ ಬಸ್ಸು ಹತ್ತಿ. ಊರೊಳಗೆ ಎಲ್ಲ ನಡೆದೇ ನೋಡಬಹುದು. ಮಾಗಡಿಗೆ ಬೆಳಗ್ಗೆ ಬಸ್ಸು ನಂಬಬೇಡಿ, ಆಟೋ ಹಿಂದಿನ ರಾತ್ರಿಯೇ ಮಾತಾಡಿ, ಕಾಯುವುದಕ್ಕೂ ಸೇರಿಸಿ ದರ ಮುರಿಯಿರಿ. ಎಷ್ಟು ಜನ, ಅದರಲ್ಲಿ ವಯಸ್ಸಾದವರೆಷ್ಟು ಹೇಳಿ. ಬಾವಿಯ ಮೆಟ್ಟಿಲು ಕಡಿದಾಗಿವೆ. ಮಧ್ಯಾಹ್ನ ರೊಟ್ಟಿ ಊಟ ಬೇಕಿದ್ದರೆ ಒಂದು ದಿನ ಮುಂಚೆ ತಿಳಿಸಿ, ನಮ್ಮ ಓಣಿಯಲ್ಲಿ ಹೆಣ್ಣುಮಕ್ಕಳು ಮಾಡಿಕೊಡುತ್ತಾರೆ. ದುಡ್ಡು ಅವರ ಕೈಗೇ ಕೊಡಿ.